ಬಿಸಿಲು ಕಂಡ ಇನ್ಸುಲಿನ್

ಇವತ್ತು ಬೆಳಿಗ್ಗೆ ಶಿರಸಿಯ ಔಷಧಿ ಅಂಗಡಿಯವರು ತಲೆಯನ್ನೂ ಎತ್ತದೆ, "ಇನ್ಸುಲಿನ್ ಸ್ಟಾಕ್ ಬಂದಿಲ್ಲ, ನಾಡಿದ್ದು ನೋಡಿ" ಎಂದರು. ಕೊರೊನಾ ಹೋಗಿ ಇಷ್ಟು ವರ್ಷವಾದರೂ ಈ 'ನಾಡಿದ್ದು' ಮಾತ್ರ ಹೋಗಿಲ್ಲ ನೋಡಿ. ಮೈಯೆಲ್ಲ ಉರಿಯಿತು.

ಆ ಲಾಕ್‌ಡೌನಿನಲ್ಲಿ ವಾನಳ್ಳಿಯ ನಮ್ಮ ಮನೆಯಲ್ಲಿ, ಸಕ್ಕರೆ ಕಾಯಿಲೆಯ ಅತ್ತೆಗೆ ಉಳಿದದ್ದು ಬಾಟಲಿಯ ತಳದಲ್ಲಿ ಒಂದಿಷ್ಟೇ ಇನ್ಸುಲಿನ್. ಅತ್ತೆಯೆಂದರೆ ಅಪ್ಪನ ಅಕ್ಕ. ಊಟ ಬಿಟ್ಟಾಳು, ಹಟ ಬಿಡುವವಳಲ್ಲ. ಬಸ್ಸಿಲ್ಲ, ಪಾಸಿಲ್ಲ, ಹುಬ್ಬಳ್ಳಿಯಿಂದ ಔಷಧಿ ಗಾಡಿಯಿಲ್ಲ. ಯಾರಿಗೆ ಫೋನ್ ಮಾಡಿದರೂ ಮೊದಲು ಕಾಲರ್ ಟ್ಯೂನಿನ ಕೆಮ್ಮು, ಆಮೇಲೆ ಕೈ ತೊಳೆಯುವ ಉಪದೇಶ, ಕೊನೆಗೆ ಇನ್ಯಾರದೋ ನಂಬರು. ಅಂತೂ ಯಲ್ಲಾಪುರದಲ್ಲಿ ಒಂದು ಬಾಟಲಿ ಸಿಕ್ಕಿತು. ಹಾಲಿನ ವ್ಯಾನಿನ ಬಸಣ್ಣ, ಬನವಾಸಿ ಕಡೆಯವನು, ಅದನ್ನು ತಣ್ಣನೆಯ ಪ್ಯಾಕೆಟ್ಟುಗಳ ನಡುವೆ ಮಲಗಿಸಿ ತಂದು, ನಮ್ಮ ಗೇಟಿನ ಬಳಿಯಿಟ್ಟು ಹಾರ್ನ್ ಹೊಡೆದು ಹೋದ.

ನಾನು ತೋಟದಲ್ಲಿದ್ದೆ. ಮಧ್ಯಾಹ್ನ ಬಂದು ನೋಡಿದರೆ ಆ ಪೊಟ್ಟಣ ಅಂಗಳದಲ್ಲಿ, ಏಪ್ರಿಲ್ಲಿನ ರಣ ಬಿಸಿಲಿನಲ್ಲಿ, ಹಲಸಿನ ಹಪ್ಪಳಗಳ ಪಕ್ಕದಲ್ಲಿದೆ. ಆಗ ಪೇಟೆಯಿಂದ ಬಂದ ಯಾವುದನ್ನೂ ಬಿಸಿಲಿಗಿಡದೆ ಒಳಗೆ ಒಯ್ಯುತ್ತಿರಲಿಲ್ಲವಲ್ಲ?

"ಎಂತ ಮಾಡ್ದ್ಯೇ ಅತ್ತೇ!"

"ರೋಗ ಸಾಯ್ಲಿ ಹೇಳಿ ಬಿಸ್ಲಿಗೆ ಇಟ್ಟಿದ್ದಿ, ತಮಾ. ಹಂಗೇ ಒಳಗೆ ತಗಂಡು ಹೋಪದು ಹ್ಯಾಂಗೆ?"

ತಣ್ಣಗಿರಬೇಕಾದ ಔಷಧಿ ಕಾಫಿ ಲೋಟದ ಹಾಗೆ ಬೆಚ್ಚಗಿತ್ತು. ಅದನ್ನು ಚುಚ್ಚಲೇಬೇಡಿ ಎಂದರು ಡಾಕ್ಟರು. ಮರುದಿನ ಹಾಲು ತಂದ ಬಸಣ್ಣ ಹಣೆ ಚಚ್ಚಿಕೊಂಡ: "ಹಾಲು ಕೆಟ್ರ ಮೊಸರಾದ್ರೂ ಆಗತೈತ್ರೀ, ಇದೇನಾಗತೈತಿ?"

ನಾನು ಅತ್ತೆಗೆ ಬಾಯಿಗೆ ಬಂದ ಹಾಗೆ ಬೈದೆ. ಮೂರು ತಾಲೂಕು ಜಾಲಾಡಿದರೂ ಒಂದೇ ಬಾಟಲಿ ಸಿಗುವ ವ್ಯವಸ್ಥೆ ಕೈಗೆ ಸಿಗಲಿಲ್ಲ, ಮುದುಕಿ ಸಿಕ್ಕಿದಳು. ತಪ್ಪು ಮಾಡಲಿಕ್ಕಾದರೂ ಇನ್ನೊಂದು ಬಾಟಲಿ ಇರಬೇಕಲ್ಲ ಸ್ವಾಮಿ!

ಉಳಿಸಿದವರು ಮತ್ತಿಘಟ್ಟದ ನಿವೃತ್ತ ಮಾಸ್ತರು. ಅವರಿಗೂ ಅದೇ ಕಾಯಿಲೆ. ಬಸಣ್ಣನಿಂದ ಸುದ್ದಿ ತಿಳಿದು, ತಮ್ಮಲ್ಲಿದ್ದ ಎರಡು ಬಾಟಲಿಗಳಲ್ಲಿ ಒಂದನ್ನು ಅವನ ಕೈಯಲ್ಲೇ ಕಳಿಸಿದರು. ನಿಮಗೆ ಸಾಲದೆ ಹೋದರೆ ಎಂದು ಕೇಳಿದ್ದಕ್ಕೆ, "ಅಷ್ಟರೊಳಗೆ ಗಾಡಿ ಬತ್ತು ಬಿಡು" ಎಂದು ಫೋನ್ ಇಟ್ಟರು. ಗಾಡಿ ಬಂದದ್ದು ಅವರದು ಮುಗಿದ ಮೇಲೆ ಎಂಬುದು ನಮಗೆ ಎಷ್ಟೋ ತಿಂಗಳ ನಂತರ, ಬೇರೆಯವರಿಂದ ಗೊತ್ತಾಯಿತು.

ಇವತ್ತು ಮನೆಗೆ ಬಂದವನು ಅಂಗಡಿ, ಕಂಪನಿ, ಸರಕಾರ ಎಂದು ಒಬ್ಬರನ್ನೂ ಬಿಡದೆ ಬೈಯುತ್ತ ಕುಳಿತೆ. ಅತ್ತೆ ಎದ್ದು ಹೋಗಿ ಫ್ರಿಜ್ ತೆಗೆದು ನೋಡಿದಳು.

"ಇಲ್ಲಿ ಒಂದು ಹೆಚ್ಚಿಗೆ ಇದ್ದು. ನಿಂದು ಬೈದು ಮುಗತ್ತಾ? ಮಾಸ್ತರಿಗೆ ಫೋನ್ ಮಾಡು."

ಮಾಡಿದೆ. ಅವರದು ನಿನ್ನೆಯೇ ಮುಗಿದಿತ್ತು. ಯಾರನ್ನೂ ಕೇಳಿರಲಿಲ್ಲ.