ಇಬ್ಬರು ಎತ್ತೋ ಮಾತು

ಗಜೇಂದ್ರಗಡದ ಗುಡ್ಡದಾಗ ಗಾಳಿಯಂತ್ರ ಕಾಯೋದು ನನ್ನ ಕೆಲಸ. ಯಂತ್ರದ ತುದಿಗೆ ಹತ್ತಿದ್ರ ತನ್ನ ತವರು ಅಬ್ಬಿಗೇರಿ ಕಾಣ್ತದ ಅಂತ ನನ್ನ ಹೆಂಡ್ತಿ ಅಂತಿದ್ಲು. ಕಾಣಂಗಿಲ್ಲ ಅಂತ ನಾನು. ಆಕಿ ತೀರಿಕೊಂಡಳು, ಜಗಳ ಹಂಗ ಉಳೀತು.

ಹೋದ ವರ್ಷ ಯಂತ್ರ ನೋಡಾಕ ಡೆನ್ಮಾರ್ಕಿನ ಸಾಹೇಬ ಬಂದ. ನನ್ನೂ ಮ್ಯಾಲೆ ಕರ್ಕೊಂಡು ಹೋಗ್ರಿ ಅಂದೆ. ಆತ ನಕ್ಕೋತ ಏನೋ ಅಂದ. ಡ್ರೈವರ್ ತಿಳಿಸಿ ಹೇಳಿದ: "ಕಾಕಾ, ರೆಕ್ಕಿಯ ಬೋಲ್ಟಿಗೆ ಇವರ ಮಾತಿನ್ಯಾಗ ಉದ್ದನ್ನ ಹೆಸರೈತಿ. ಅದನ್ನ ತಪ್ಪದಂಗ ಅಂದ್ರ ಕರ್ಕೊಂಡು ಹೋಗ್ತಾರಂತ."

"ವೆನ್ಮೊಲ್ಲವೆಂಗಬೊಲ್ಟ್" ಅಂದ ಸಾಹೇಬ. ಆಮೇಲೆ ತುಂಡು ಮಾಡಿ ತೋರಿಸಿದ: ವೆನ್, ಮೊಲ್ಲ, ವೆಂಗ, ಬೊಲ್ಟ್.

ತುಂಡು ಬಾಯಿಗೆ ಬಂದ್ವು. ಕೂಡಿಸಾಕ ಹೋದ್ರ ನಡುವ ಮುಗ್ಗರಿಸಿದೆ. ಆಗ ನೆನಪಾತು. ಮೊದಲು ನಾನೂ ನನ್ನ ಹೆಂಡ್ತೀನೂ ದುಡೀತಿದ್ದ ಕಲ್ಲಿನ ಕ್ವಾರಿಯೊಳಗ ದೊಡ್ಡ ಕಲ್ಲು ಎತ್ತುವಾಗ ಅರ್ಧ ಕೂಗು ನಂದು, ಉಳಿದರ್ಧ ಆಕೀದು. ಆವಾಗ ಕಲ್ಲು ಏಳ್ತಿತ್ತು.

ಅಲ್ಲೇ ಬಿದ್ದಿದ್ದ ಕಲ್ಲಿನ ಒಂದು ತುದಿ ಹಿಡಿದು, ಇನ್ನೊಂದು ಹಿಡೀರಿ ಅಂತ ಸಾಹೇಬಗ ಸನ್ನಿ ಮಾಡಿದೆ. ಬಗ್ಗಿದ.

"ವೆನ್-ಮೊಲ್ಲ" ಅಂತ ಕೂಗಿದೆ.

"ವೆಂಗ-ಬೊಲ್ಟ್" ಅಂತ ಅವನ ಬಾಯಿಂದ ತಾನಾಗೇ ಬಂತು. ಕಲ್ಲೂ ಎದ್ದಿತು.

"ಅರ್ಧ ಹೆಸರು ಸಾಹೇಬರೇ ಅಂದ್ರಲ್ಲ ಕಾಕಾ," ಅಂದ ಡ್ರೈವರ್.

"ಅಷ್ಟು ಉದ್ದನ್ನ ಮಾತು ಒಬ್ಬನೇ ಎತ್ತಬಾರದು ಅಂತ ಅವರಿಗೆ ಹೇಳಪಾ."

ಸಾಹೇಬ ನಕ್ಕು ಯಂತ್ರದ ಕಂಬದೊಳಗಿನ ಲಿಫ್ಟಿನ ಬಾಗಿಲು ತೆಗೆದ.

ಮ್ಯಾಲಿಂದ ಅಬ್ಬಿಗೇರಿ ಚಲೋತ್ನಂಗ ಕಂಡ್ತು. ಸಂಜಿಗೆ ಮನಿಗೆ ಬಂದು, ಆಕಿ ಫೋಟೋದ ಮುಂದ ನಿಂತು, ಕಾಣಲಿಲ್ಲ ನೋಡು ಅಂದೆ. ಕಂಡ್ತು ಅಂತ ಖರೇ ಹೇಳಿದ್ರ ಜಗಳ ಮುಗೀತಿತ್ತು.