ಗೊತ್ತಿದ್ದೂ ತಪ್ಪು ಹೇಳಿದವಳು

ಮೊನ್ನೆ ಸೊಸೆಗೆ ಹುಷಾರಿರಲಿಲ್ಲವೆಂದು ಮೆಂತ್ಯದ ಸೊಪ್ಪು ಬಿಡಿಸಲು ನಾನೇ ಕುಳಿತೆ. ನಡುವೆ ಮೂಗು ತುರಿಸಿತು. ಬೆರಳನ್ನು ಮೂಗಿನ ಹತ್ತಿರ ಒಯ್ದೆ ಅಷ್ಟೆ, ಆ ಹಸಿ ಕಹಿ ವಾಸನೆಗೆ ಕೆನ್ನೆ ತಾನಾಗಿ ಬಿಗಿಯಿತು, ಕಣ್ಣು ಮುಚ್ಚಿಕೊಂಡವು. ಏಟು ಬೀಳಲಿಲ್ಲ. ಎಪ್ಪತ್ತು ದಾಟಿದ ಮುದುಕನಿಗೆ ಯಾರು ಹೊಡೆಯುತ್ತಾರೆ? ಚಿಕ್ಕಂದಿನ ಪಕ್ಕದ ಮನೆಯ ಅಕ್ಕ ನೆನಪಾದಳು.

ಆಗ ನಾವು ಕಂಪ್ಲಿಯಲ್ಲಿದ್ದೆವು. ಬಿಳಿಯರ ಸರ್ಕಾರ, ಮದ್ರಾಸಿನ ಆಡಳಿತ. ಅಕ್ಕ ನನಗಿಂತ ಎರಡು ವರ್ಷ ದೊಡ್ಡವಳು. ಹೆಣ್ಣುಮಕ್ಕಳಿಗೆ ಶಾಲೆ ಯಾಕೆಂದು ಅವರಪ್ಪ ತಡಮಾಡಿ ಸೇರಿಸಿದ್ದರಿಂದ ನನ್ನ ತರಗತಿಯಲ್ಲೇ ಇದ್ದಳು. ಬೆಳಿಗ್ಗೆ ಅವರವ್ವನಿಗೆ ಸೊಪ್ಪು ಬಿಡಿಸಿಕೊಟ್ಟು, ನನ್ನ ಕೈಹಿಡಿದು ಶಾಲೆಗೆ ಕರೆದೊಯ್ಯುತ್ತಿದ್ದಳು. ಲೆಕ್ಕದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ನನಗೋ ಮಗ್ಗಿಯೆಂದರೆ ಕಬ್ಬಿಣದ ಕಡಲೆ.

ನಮ್ಮ ಮೇಷ್ಟ್ರಿಗೆ ಒಂದು ಪದ್ಧತಿಯಿತ್ತು. ಅವರೇ ಕಂಡುಹಿಡಿದದ್ದೇನಲ್ಲ, ಅಂದಿನ ಬಹಳ ಶಾಲೆಗಳಲ್ಲಿ ಇತ್ತು. ಬಾಯಿಲೆಕ್ಕ ಕೇಳುವರು. ತಪ್ಪು ಹೇಳಿದವರು ನಿಂತೇ ಇರಬೇಕು. ಸರಿ ಹೇಳಿದವರು ಬಂದು ಎಡಗೈಯಲ್ಲಿ ಅವರ ಮೂಗು ಹಿಡಿದು ಬಲಗೈಯಲ್ಲಿ ಕಪಾಳಕ್ಕೆ ಬಾರಿಸಬೇಕು. ಮೆಲ್ಲಗೆ ಹೊಡೆದರೆ, ಹೇಗೆ ಹೊಡೆಯಬೇಕೆಂದು ಮೇಷ್ಟ್ರು ಹೊಡೆದವರಿಗೇ ಹೊಡೆದು ತೋರಿಸುವರು. ಕೈ ಪಳಗಿದ ಕೆಲವು ಹುಡುಗರಿಗೆ ಅದರ ರುಚಿಯೇ ಹತ್ತಿತ್ತು. ಶಾಲೆ ಬಿಟ್ಟ ಮೇಲೆ ಹೊಳೆಯ ದಂಡೆಯಲ್ಲೂ ಚಿಕ್ಕವರ ಮೂಗು ಹಿಡಿಯುವುದೇ ಆಟ. ಮನೆಗಳಲ್ಲಿ ಯಾರೂ ಅದನ್ನು ಹಿಂಸೆ ಎನ್ನಲಿಲ್ಲ. ವಿದ್ಯೆ ಎಂದರು.

ಹೀಗೆ ದಿನಾ ಅಕ್ಕನೇ ನನಗೆ ಹೊಡೆಯಬೇಕಾಗಿ ಬಂತು. ಮೂಗಿಗೆ ಮೆಂತ್ಯದ ವಾಸನೆ, ಕೆನ್ನೆಗೆ ಏಟು. ಸಂಜೆ ದಾರಿಯಲ್ಲಿ ಇಬ್ಬರೂ ಮಾತಾಡುತ್ತಿರಲಿಲ್ಲ. ಕೈಹಿಡಿಯುವುದನ್ನೂ ಅವಳು ಬಿಟ್ಟಳು.

ಆಮೇಲೊಂದು ದಿನ ಅಕ್ಕ ತಪ್ಪು ಹೇಳಿದಳು. ಮರುದಿನವೂ ಹೇಳಿದಳು. ಕಡೆಗೆ ಕೇಳಿದ್ದಕ್ಕೆಲ್ಲ ತಪ್ಪೇ... ಈಗ ಅವಳೂ ನನ್ನ ಪಕ್ಕ ನಿಂತು ಏಟು ತಿನ್ನತೊಡಗಿದಳು. ಹಿಂದಿನ ಸಾಲಿನ ದಾಂಡಿಗನೊಬ್ಬನ ಐದು ಬೆರಳೂ ಅವಳ ಕೆನ್ನೆಯ ಮೇಲೆ ಮೂಡುತ್ತಿದ್ದವು. ಯಾರದೋ ಕಣ್ಣು ತಾಗಿದೆ ಎಂದು ನಮ್ಮವ್ವ ಹೋಗಿ ದೃಷ್ಟಿ ತೆಗೆದು ಬಂದಳು. ಅವರಪ್ಪ ಬೇರೆಯೇ ಯೋಚಿಸಿದರು. ತಲೆಗೆ ಹತ್ತದ ಮೇಲೆ ಶಾಲೆ ಯಾಕೆ, ಮನೆಯಲ್ಲಿರಲಿ, ಸುಗ್ಗಿ ಮುಗಿಯಲಿ, ಗಂಡು ನೋಡಿದರಾಯಿತು ಎಂದು ಮೇಷ್ಟ್ರಿಗೆ ಹೇಳಿ ಕಳಿಸಿದರು.

ಅಂದು ಸಂಜೆಯೇ ಮೇಷ್ಟ್ರು ಬಂದರು. ಹೊಡೆಯುವ ಮೇಷ್ಟ್ರೇ ಆದರೂ ಅಂಥ ಹುಡುಗಿಯನ್ನು ಬಿಟ್ಟುಕೊಡಲು ಅವರಿಗೆ ಮನಸ್ಸಿರಲಿಲ್ಲ. ಅಕ್ಕನ ಮನೆಯ ಅಂಗಳದಲ್ಲಿ ಭತ್ತದ ರಾಶಿ ಬಿದ್ದಿತ್ತು. ಅಕ್ಕನ ಅಪ್ಪ ಕೊಯ್ಲಿನ ಆಳುಗಳಿಗೆ ಅಳೆದು ಕೊಡುತ್ತಿದ್ದರು. ನಾನು ಕಟ್ಟೆಯ ಮೇಲಿದ್ದೆ. ಹದಿಮೂರು ಮಂದಿ, ಆಳಿಗೆ ಏಳು ಸೇರು ಎಂದು ಅವರು ಬೆರಳು ಮಡಿಸುವಷ್ಟರಲ್ಲಿ ಅಕ್ಕ ಒಳಗಿನಿಂದಲೇ ತೊಂಬತ್ತೊಂದು ಎಂದಳು. ಅಂಗಳದ ತುದಿಯಲ್ಲಿ ಮೇಷ್ಟ್ರು ನಿಂತಿದ್ದು ಅವಳಿಗೆ ಗೊತ್ತಿರಲಿಲ್ಲ. ಬೆಳಿಗ್ಗೆ ತರಗತಿಯಲ್ಲಿ ಹದಿಮೂರೇಳಲಿ ಎಷ್ಟೆಂದು ಕೇಳಿದಾಗ ಅವಳು ಎಂಬತ್ತು ಎಂದಿದ್ದಳು, ಏಟು ತಿಂದಿದ್ದಳು.

ಮೇಷ್ಟ್ರು ಅವಳನ್ನು ಹೊರಗೆ ಕರೆದು, ಸಿಟ್ಟಿಲ್ಲದೆ ಕೇಳಿದರು.

“ಗೊತ್ತಿದ್ದೂ ಯಾಕ ತಪ್ಪು ಹೇಳ್ತೀಯವ್ವ?”

ಅಕ್ಕ ನನ್ನ ಕಡೆ ನೋಡಿದಳು.

“ಗೊತ್ತೈತಿ ಅಂದ್ರ ಹೊಡೀಬೇಕಲ್ರಿ.”

ಮೇಷ್ಟ್ರು ಕಟ್ಟೆಯ ಮೇಲೆ ನನ್ನ ಪಕ್ಕದಲ್ಲೇ ಬಂದು ಕುಳಿತರು. ಅಕ್ಕನ ಅವ್ವ ತಂದುಕೊಟ್ಟ ನೀರನ್ನು ಕುಡಿಯದೆ ಕೈಯಲ್ಲೇ ಹಿಡಿದುಕೊಂಡಿದ್ದರು. ಚಿಕ್ಕವರಿದ್ದಾಗ ಅವರೂ ಹೀಗೇ ಏಟು ತಿಂದವರಂತೆ, ಹೊಡೆದವರಂತೆ. ಅದನ್ನೇ ನಮಗೂ ದಾಟಿಸಿದ್ದರು.

“ಹುಡುಗಿದೇನೂ ತಪ್ಪಿಲ್ರಿ, ತಪ್ಪು ನಂದೈತಿ. ಸಾಲಿ ಬಿಡಿಸಬ್ಯಾಡ್ರಿ. ನಾಳಿಂದ ಆಕಿ ಯಾರಿಗೂ ಹೊಡಿಯಂಗಿಲ್ಲ, ಆಕಿಗೂ ಯಾರೂ ಹೊಡಿಯಂಗಿಲ್ಲ.”

ಅಕ್ಕನ ಅಪ್ಪ ಕೈಯಲ್ಲಿದ್ದ ಸೇರನ್ನು ಕೆಳಗಿಟ್ಟರು. ಮಗಳ ಕೆನ್ನೆಯನ್ನು ಅವರು ಸರಿಯಾಗಿ ನೋಡಿದ್ದು ಆಗಲೇ ಇರಬೇಕು... ಕಳಿಸುತ್ತೇನೆ ಎಂದು ಒಪ್ಪಿಕೊಂಡರು.

ಮರುದಿನದಿಂದ ಸರಿ ಹೇಳಿದವರು ಎದ್ದು ಹೋಗಿ ತಪ್ಪು ಹೇಳಿದವರ ಪಕ್ಕ ಕೂತು, ಅವರಿಗೆ ಬರುವ ತನಕ ಹೇಳಿಕೊಡಬೇಕೆಂದಾಯಿತು. ಆ ದಾಂಡಿಗನ ಪೇಚಾಟ ನೋಡಬೇಕಿತ್ತು! ಹೊಡೆಯಲು ಕೈ ಬರುತ್ತಿದ್ದವನಿಗೆ ಹೇಳಿಕೊಡಲು ಬಾಯಿ ಬರಲೊಲ್ಲದು. ಮೇಷ್ಟ್ರು ಒಂದೇ ದಿನಕ್ಕೆ ಬದಲಾದರು ಎನ್ನಲಾರೆ. ಸಿಟ್ಟು ಬಂದಾಗ ಅವರ ಕೈ ಮೇಲೇಳುತ್ತಿತ್ತು, ಅಕ್ಕನ ಮುಖ ಕಂಡು ಕೆಳಗಿಳಿಯುತ್ತಿತ್ತು. ಮೇಷ್ಟ್ರು ಮೆತ್ತಗಾದರು, ಮಕ್ಕಳು ಕೆಡುತ್ತವೆ ಎಂದು ಊರಲ್ಲಿ ಕೆಲವರು ಗೊಣಗಿದರು. ಮೇಷ್ಟ್ರು ತಲೆ ಕೆಡಿಸಿಕೊಳ್ಳಲಿಲ್ಲ. ಚುರುಕಾಗಿದ್ದ ಮಗು ಇದ್ದಕ್ಕಿದ್ದಂತೆ ಮಂಕಾದರೆ, ಆಟಕ್ಕೆ ಹೋಗದೆ ಮೂಲೆ ಹಿಡಿದರೆ, ಗದರುವ ಮೊದಲು ಪಕ್ಕಕ್ಕೆ ಕರೆದು ಏನಾಯಿತೆಂದು ಕೇಳುವುದನ್ನು ಕಲಿತರು. ಹೊಳೆ ದಂಡೆಯ ಆಟವೂ ಹಾಗೇ ಬಯಲಿಗೆ ಬಂದು ನಿಂತುಹೋಯಿತು. ಅಕ್ಕನ ಪಕ್ಕ ಕೂತು ನನಗೂ ಹದಿಮೂರರ ಮಗ್ಗಿ ಬಂತು. ಹತ್ತೊಂಬತ್ತರದು ಇವತ್ತಿಗೂ ಬಂದಿಲ್ಲ, ಅದು ಅವಳ ತಪ್ಪಲ್ಲ.

ಅಕ್ಕ ಎಂಟನೇ ತರಗತಿ ಮುಗಿಸಿದಳು. ನಮ್ಮ ಓಣಿಯಲ್ಲಿ ಅಷ್ಟು ಓದಿದ ಮೊದಲ ಹೆಣ್ಣು ಅವಳೇ. ದರೋಜಿಗೆ ಸೊಸೆಯಾಗಿ ಹೋದ ಮೇಲೂ ಅಲ್ಲಿನ ಮಕ್ಕಳನ್ನು ಜಗಲಿಯ ಮೇಲೆ ಕೂಡಿಸಿಕೊಂಡು ಲೆಕ್ಕ ಹೇಳಿಕೊಡುತ್ತಿದ್ದಳಂತೆ.

ಹೋದ ತಿಂಗಳು ಅವಳು ತೀರಿಕೊಂಡಳು. ಸುದ್ದಿ ತಡವಾಗಿ ಬಂದು ಮಣ್ಣಿಗೆ ಹೋಗಲಾಗಲಿಲ್ಲ. ಆಮೇಲೆ ಮಾತಾಡಿಸಿಕೊಂಡು ಬರಲು ಹೋದಾಗ ಅವಳ ಮಗಳು ನಾನು ಯಾರೆಂದು ಕೇಳಿದಳು. ದುಃಖದ ಮನೆಯಲ್ಲಿ ತುಸು ನಗಿಸೋಣವೆಂದು, ನಿಮ್ಮವ್ವನ ಕೈಲಿ ದಿನಾ ಏಟು ತಿಂದವನು ಎಂದೆ. ಅವಳು ನಗಲಿಲ್ಲ.

“ಇಲ್ರಿ ಮಾವ, ನೀವು ಬ್ಯಾರೆ ಯಾರನ್ನೋ ನೆನಸ್ಕೊಂಡೀರಿ. ನಮ್ಮವ್ವ ಯಾರ ಮ್ಯಾಲೂ ಕೈ ಎತ್ತಿದಾಕಿ ಅಲ್ಲ.”

ಅಕ್ಕ ಇನ್ನಿಲ್ಲವೆಂಬುದು ನನಗೆ ನಾಟಿದ್ದು ಆಗಲೇ. ಆದರೂ, ನಿಜ ಹೇಳಬೇಕೆಂದರೆ, ಬಹಳ ದಿನಗಳ ಮೇಲೆ ಅಷ್ಟು ಸಂತೋಷವಾಗಿತ್ತು.

“ಹೌದವ್ವ, ನಂದೇ ತಪ್ಪು,” ಎಂದೆ.