ಯುರೋಪು ಕಂಡ ನಿಜಗುಣಪ್ಪ

ಮನೋಳಿಯ ನನ್ನ ಗೆಳೆಯ ನಿಜಗುಣಪ್ಪ ೧೯೦೬ರಲ್ಲಿ ಹಡಗು ಹತ್ತಿ ಯುರೋಪು ನೋಡಿ ಬಂದವನು. ಅಂದಿನಿಂದ ಮಲಪ್ರಭೆಯ ಹರಿಗೋಲನ್ನೂ ಬೂಟು ಹಾಕಿಕೊಂಡೇ ಹತ್ತುತ್ತಿದ್ದ, ಅಂಬಿಗ ಮುದಕಪ್ಪನನ್ನು 'ಕಪ್ತಾನಸಾಹೇಬ್ರ' ಎಂದು ಕರೆಯುತ್ತಿದ್ದ, ದಡದ ಎಮ್ಮೆಗಳಿಗೆ ಕರವಸ್ತ್ರ ಬೀಸಿ ವಿದಾಯ ಹೇಳುತ್ತಿದ್ದ. ರೈನ್ ನದಿಯ ಬಗ್ಗೆ ಯಾರು ಕೇಳಿದರೂ ಒಂದೇ ತೀರ್ಪು: "ನಮ್ಮ ಹೊಳಿಗಿಂತ ಎರಡು ಮಾರು ಅಗಲ ಐತ್ರಿ, ಆದ್ರ ನೀರು ಸಪ್ಪಗ." ಜನ ನಕ್ಕರೆ, "ನಮ್ಮ ರಾಮಲಿಂಗಪ್ಪನ್ನ ಕೇಳ್ರಿ, ಇಬ್ಬರೂ ಕೂಡೇ ನೋಡೇವಿ" ಎಂದು ನನ್ನತ್ತ ಕೈ ತೋರುತ್ತಿದ್ದ. ನಾನು ತಲೆಯಾಡಿಸುತ್ತಿದ್ದೆ. ನಿಜವೆಂದರೆ, ಮುಂಬಯಿ ಬಂದರಿನಲ್ಲಿ ಹಡಗು ಕಂಡೊಡನೆ ಹೆದರಿ ಓಡಿದ ನಾನು, ಅವನು ಮರಳುವವರೆಗೆ ಅಲ್ಲೇ ಧರ್ಮಶಾಲೆಯಲ್ಲಿ ಅಡಗಿದ್ದೆ. ಅವನು ಸಾಯುವತನಕ ಅದನ್ನು ಯಾರಿಗೂ ಹೇಳಲಿಲ್ಲ. ನಿನ್ನೆ ಅವನಿಗೆ ಮಣ್ಣು ಕೊಟ್ಟು ಹರಿಗೋಲಿನಲ್ಲಿ ಮರಳುವಾಗ ಮುದಕಪ್ಪ ಕೇಳಿದ: "ಖರೇ ಹೇಳ್ರಿ ಯಪ್ಪಾ, ಆ ಹೊಳಿ ಹೆಂಗಿತ್ತು?" "ಎರಡು ಮಾರು ಅಗಲ," ಎಂದೆ, "ನೀರು ಸಪ್ಪಗ."